ನೂರಕ್ಕೆ ತೊಂಬತ್ತಾರು

೭ ಆಗಸ್ಟ್ ೨೦೨೧, ಶನಿವಾರ

ಸೆಲ್ವಿಯ ಅಂಗಡಿಗೆ ಹೋಗಿದ್ದು ನಾಲ್ಕು ತೋಸೆ ತಪಾವ್ ಮಾಡಿಸಿಕೊಂಡು ಬರಲು. ತೋಸೆಯ ಜೊತೆಗೆ ಕೋಪವನ್ನೂ ಕಟ್ಟಿಸಿಕೊಂಡು ಬಂದೆ.

ಕೊರೋನಾ ಎಂದು ಕೂತು ತಿನ್ನಲು ಇನ್ನೂ ಬಿಟ್ಟಿಲ್ಲ. ಹಗ್ಗದ ಈಚೆ ನಿಂತು ಕಾಯುತ್ತಿದ್ದೆ. ಸೆಲ್ವಿಯ ಚಿಕ್ಕ ಮಗಳು ಥರ್ಷಿನಿ ಚೀಟಿ ನೋಡಿ ಪೊಟ್ಟಣ ಜೋಡಿಸುತ್ತಿದ್ದಳು. ಒಂಬತ್ತು ವರ್ಷ. ನನ್ನ ಮಗಳು ಗಾನವಿಯ ಶಾಲೆಯೇ; ಇವಳು ಮೂರನೇ ತರಗತಿ, ಗಾನವಿ ಎರಡನೇ. "ನನ್ನ ಚೀಟಿ ಯಾವುದು, ಓದು ನೋಡೋಣ" ಎಂದು ಸುಮ್ಮನೆ ಮಾತಿಗೆ ಹೇಳಿದೆ. ಅವಳು ಚೀಟಿಯನ್ನು ಅಮ್ಮನ ಕಡೆ ಹಿಡಿದಳು.

"ತೆರಿಯಾದು ಅಕ್ಕಾ," ಎಂದಳು ಸೆಲ್ವಿ. ಅವಳದು ತಮಿಳು, ನನ್ನದು ಕನ್ನಡ, ನಡುವೆ ಈ ಪೆನಾಂಗ್‌ನ ಮಲಯ್. ಹತ್ತು ವರ್ಷದಿಂದ ಹೀಗೇ ನಡೆದಿದೆ. ಮಗುವಿಗೆ ಓದಲು ಬರುವುದಿಲ್ಲವಂತೆ. ಅದಕ್ಕೇ ಚೀಟಿಯಲ್ಲಿ ತೋಸೆಗೆ ಒಂದು ದೊಡ್ಡ ಸೊನ್ನೆ, ಇಡ್ಲಿಗೆ ಚಿಕ್ಕ ಸೊನ್ನೆ, ವಡೆಗೆ ತೂತಿರುವ ಸೊನ್ನೆ ಬರೆದುಕೊಡುತ್ತಾಳಂತೆ.

"ಮತ್ತೆ ಆನ್‌ಲೈನ್ ಕ್ಲಾಸು? ದಿನಾ ವರ್ಕ್‌ಶೀಟ್ ಕಳಿಸಬೇಕಲ್ಲ?"

"ಕಳಿಸ್ತೀವಿ ಅಕ್ಕಾ. ದೊಡ್ಡವಳು ಫ್ರೆಂಡ್ ಹತ್ರ ನೋಡಿ ಬರೀತಾಳೆ, ಫೋಟೋ ತೆಗೀತಾಳೆ, ಕಳಿಸ್ತಾಳೆ. ಟೀಚರ್ ಸ್ಟಾರ್ ಕೊಡ್ತಾರೆ. ಒಂದು ಫೋನು, ಮೂರು ಮಕ್ಕಳು. ನಾನೇನು ಮಾಡಲಿ?"

ನಾನು ಹದಿಮೂರು ವರ್ಷದಿಂದ ಚಿಪ್ ಫ್ಯಾಕ್ಟರಿಯಲ್ಲಿ ಗುಣಮಟ್ಟ ಪರೀಕ್ಷೆ ಮಾಡುವವಳು. ಪರೀಕ್ಷಿಸದ ಮಾಲಿಗೆ ಪಾಸ್ ಚೀಟಿ ಅಂಟಿಸಿದರೆ ಆ ದಿನವೇ ಮನೆಗೆ ಕಳಿಸುತ್ತಾರೆ. ಶಾಲೆಗೆ ಮಾತ್ರ ಇದು ನಡೆಯುತ್ತದೆಯೇ? ದಾರಿಯುದ್ದಕ್ಕೂ ಸ್ಟೀರಿಂಗ್ ಹಿಡಿದು ಒಬ್ಬಳೇ ಬೈದುಕೊಂಡು ಬಂದೆ.

ಮನೆಗೆ ಬಂದಾಗ ಗಾನವಿಯ ಶುಕ್ರವಾರದ ಮಲಯ್ ವರ್ಕ್‌ಶೀಟ್ ಇನ್ನೂ ಹಾಗೇ ಇತ್ತು. ಹತ್ತು ನಿಮಿಷದಲ್ಲಿ ಸಹಾಯ ಮಾಡಿ ಮುಗಿಸಿ ಕಳಿಸಿದೆ. ತೋಸೆ ಆರಿಹೋಗಿತ್ತು.

೧೧ ಆಗಸ್ಟ್, ಬುಧವಾರ

ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಫೌಜಿ ಸಾಹೇಬರು, ಇಲ್ಲಿಯವರ ಬಾಯಲ್ಲಿ ಎಂಚಿಕ್ ಫೌಜಿ, ಬಣ್ಣದ ಪೋಸ್ಟರ್ ಹಾಕಿದ್ದಾರೆ. ಒಂಬತ್ತು ವರ್ಷದಿಂದ ಪೋಷಕರ ಸಂಘದ ಅಧ್ಯಕ್ಷರು ಅವರೇ. ಬೋರ್ಡು, ಶಾಮಿಯಾನದ ವ್ಯಾಪಾರ. ಅಕ್ಷರ ದಪ್ಪಗೆ ಬರೆಸುವುದು ಚೆನ್ನಾಗಿ ಗೊತ್ತು. "ಒಂದರಿಂದ ಮೂರನೇ ತರಗತಿ: ವರ್ಕ್‌ಶೀಟ್ ಸಲ್ಲಿಕೆ ನೂರಕ್ಕೆ ತೊಂಬತ್ತಾರು! ಅಭಿನಂದನೆ!" ಕೆಳಗೆ ಮುಂದಿನ ವರ್ಷದ ಯೋಜನೆ: ಶಾಲೆಯ ಮುಂದೆ ಹೊಸ ಕಮಾನು, ಸಭಾಂಗಣಕ್ಕೆ ದೊಡ್ಡ ಫ್ಯಾನು.

ನಾನು ಬರೆದೆ: "ಸಲ್ಲಿಸಿದವರಲ್ಲಿ ಓದಲು ಬರುವವರು ಎಷ್ಟು ಜನ?"

ಇನ್ನೂರು ಜನರ ಗುಂಪು. ಯಾರೋ ಒಬ್ಬರು ಹೆಬ್ಬೆರಳು ಹಾಕಿದರು, ಐದು ನಿಮಿಷ ಬಿಟ್ಟು ತೆಗೆದರು.

ಸಂಜೆ ಬರ್ನಾಡೆಟ್ ಫೋನ್ ಮಾಡಿದಳು. ಮಂಗಳೂರಿನವಳು, ನಮ್ಮ ಫ್ಯಾಕ್ಟರಿಯ ಲೆಕ್ಕಪತ್ರ ವಿಭಾಗದಲ್ಲಿದ್ದಾಳೆ, ಅವಳ ಮಗ ಜೋಯ್ಸನ್ ಅದೇ ಶಾಲೆಯಲ್ಲಿ ಐದನೇ ತರಗತಿ. "ಗ್ರೂಪಲ್ಲಿ ಕೂಗಿ ಎಂತ ಸಿಗ್ತದೆ ನಿಂಗೆ? ಅಕ್ಟೋಬರಿನಲ್ಲಿ ವಾರ್ಷಿಕ ಸಭೆ ಉಂಟಲ್ಲ, ಅಧ್ಯಕ್ಷತೆಗೆ ನಿಲ್ಲು. ಸೆಲ್ವಿ ಸೂಚಿಸ್ಲಿ, ನಾನು ಅನುಮೋದಿಸ್ತೇನೆ."

ನಗುತ್ತಲೇ ಫೋನ್ ಇಟ್ಟೆ. ಆಮೇಲೆ ನಗು ನಿಂತಿತು. ಯಾಕೆ ನಿಲ್ಲಬಾರದು?

೧೫ ಆಗಸ್ಟ್, ಭಾನುವಾರ

ನಿಲ್ಲುತ್ತೇನೆ.

ಮೈಸೂರಿನ ಅಕ್ಕನಿಗೆ ಹೇಳಿದರೆ "ಪಂಚಾಯ್ತಿ ಎಲೆಕ್ಷನ್ನೇನೇ? ಸೀರೆ ಹಂಚ್ತೀಯಾ?" ಎಂದು ಗೇಲಿ ಮಾಡಿದಳು. ವಿವರಿಸುವಷ್ಟರಲ್ಲಿ ಸುಸ್ತಾಯಿತು. ಶಾಲೆ ಸರ್ಕಾರದ್ದು, ಪಾಠ ಸರ್ಕಾರದ್ದು, ಆದರೆ ಪೋಷಕರೂ ಶಿಕ್ಷಕರೂ ಸೇರಿದ ಸಂಘವೊಂದಿದೆ. ಶಾಲೆಗೆ ಮೊದಲು ಏನು ಬೇಕು ಎಂದು ಊರು ಬಾಯಿಬಿಡುವುದು ಅಲ್ಲೇ. ಬೇರೆ ವರ್ಷ ಆ ಸಭೆಗೆ ಜನ ಬರುವುದು ನಾಸಿ ಲೆಮಕ್ ಅನ್ನದ ಪೊಟ್ಟಣಕ್ಕೆ, ಕೊನೆಯ ಲಕ್ಕಿ ಡ್ರಾಗೆ. ಈ ಸಲ ಸಭೆ ಆನ್‌ಲೈನ್.

ಗಂಡ ಜಯಕರ ವಿಮಾನ ನಿಲ್ದಾಣದ ಕಾರ್ಗೋದಿಂದ ಬಂದು ಸ್ನಾನ ಮುಗಿಸಿದ ಮೇಲೆ ಹೇಳಿದೆ. ಇವರು ಹುಟ್ಟಿದ್ದು ಪೆನಾಂಗ್‌ನಲ್ಲೇ, ಮಾತು ಮಾತ್ರ ಇನ್ನೂ ಅವರಪ್ಪ ಉಡುಪಿಯಿಂದ ತಂದದ್ದೇ.

"ನಿಂಗೆ ತಲೆ ಸಮ ಉಂಟಾ? ಫೌಜಿ ಒಳ್ಳೆ ಜನ. ಅಪ್ಪ ತೀರಿಹೋದಾಗ ಮಳೆಯಲ್ಲಿ ನಿಂತು ಶಾಮಿಯಾನ ಅವರೇ ಕಟ್ಟಿದ್ದು, ಮರ್ತುಹೋಯ್ತಾ?"

"ಒಳ್ಳೆ ಜನಾನೇ. ಒಳ್ಳೆ ಜನ ಕಮಾನು ಕಟ್ಟಿದ್ರೆ ಮಕ್ಕಳಿಗೆ ಓದೋಕೆ ಬಂದುಬಿಡುತ್ತಾ?"

"ನೋಡು ಮತ್ತೆ," ಎಂದು ಟಿವಿ ಹಾಕಿದರು. ಅವರ ನಿಘಂಟಿನಲ್ಲಿ ಅದು ಒಪ್ಪಿಗೆ.

೨ ಸೆಪ್ಟೆಂಬರ್, ಗುರುವಾರ

ಎರಡು ವಾರ ಬರೆಯಲಾಗಲಿಲ್ಲ. ನಮ್ಮ ಲೈನಿನಲ್ಲಿ ಏಳು ಜನಕ್ಕೆ ಪಾಸಿಟಿವ್. ಉಳಿದವರು ಅವರ ಪಾಳಿಯನ್ನೂ ಮಾಡಬೇಕಾಯಿತು. ಮನೆಯಿಂದ ಮಾಡುವ ಕೆಲಸವೆಲ್ಲ ರಾಶಿ ಬಿದ್ದಿದೆ.

ಇವತ್ತು ಠರಾವು ಬರೆದು ಮುಗಿಸಿದೆ. ನಾಲ್ಕೇ ಸಾಲು. ಶಾಲೆ ತೆರೆದ ಎರಡು ವಾರದೊಳಗೆ ಒಂದರಿಂದ ಮೂರನೇ ತರಗತಿಯ ಪ್ರತಿ ಮಗುವೂ ಒಂಟಿಯಾಗಿ ಒಂದು ಪುಟ ಓದಬೇಕು. ಕೇಳಲು ಒಬ್ಬ ದೊಡ್ಡವರು ಕೂರಬೇಕು, ಅಂಕ ಇಲ್ಲ. ಓದಲಾಗದ ಮಕ್ಕಳ ಜೊತೆ ಪೋಷಕರು ವಾರಕ್ಕೆ ಎರಡು ದಿನ ಕೂತು ಓದಿಸಬೇಕು. ಕೇಳುವವರು ಆ ಮಗುವಿನ ಸ್ವಂತ ತಂದೆತಾಯಿ ಆಗಿರಬಾರದು. ಈ ಕೊನೆಯ ಸಾಲು ನನಗೆ ಬಹಳ ಮುಖ್ಯ. ಪಕ್ಕದಲ್ಲಿ ಕೂತ ತಾಯಂದಿರು ಬಾಯಿ ಮುಚ್ಚಿಕೊಂಡಿರುವುದು ಉಂಟೇ?

ಬರ್ನಾಡೆಟ್‌ಗೆ ಓದಿ ಹೇಳಿದೆ, "ಸಮ ಉಂಟು" ಎಂದಳು. ಮಲಯ್ ತಿದ್ದಿಕೊಟ್ಟದ್ದೂ ಅವಳೇ.

ಗಾನವಿಯದು ಆರು ವರ್ಕ್‌ಶೀಟ್ ಬಾಕಿ ಇತ್ತು. ಅವಳನ್ನು ಕೂರಿಸಿ, ಪೆನ್ಸಿಲ್ ಹಿಡಿಸಿ, ಪ್ರಶ್ನೆ ಓದಿ ಹೇಳಿ, ಉತ್ತರ ಬರೆಸುವುದಕ್ಕೆ ಅರ್ಧ ದಿನ ಬೇಕು. "ಅಮ್ಮಾ, ಯು ಡೂ ಲಾ. ಯು ಆರ್ ಫಾಸ್ಟರ್," ಎನ್ನುತ್ತಾಳೆ. ಅದು ನಿಜವೇ. ಎಡಗೈಯಲ್ಲಿ ಬರೆದರೆ ಅಕ್ಷರ ಮಕ್ಕಳದರ ಹಾಗೇ ಸೊಟ್ಟಗೆ ಬರುತ್ತದೆ, ಬಲಗೈ ಮೀಟಿಂಗಿನ ಮೌಸ್ ಹಿಡಿದಿರಬಹುದು. ಮೂರು ಸ್ಟಾರ್ ಬಂತು. ಅವಳಿಗೆ ಎಲ್ಲ ಗೊತ್ತು, ಸೋಮಾರಿತನ ಅಷ್ಟೆ.

೧೦ ಸೆಪ್ಟೆಂಬರ್, ಶುಕ್ರವಾರ

ಹಬ್ಬ. ಗಣಪತಿ ಅಂಗೈಯಷ್ಟು, ಕಡುಬು ಇಪ್ಪತ್ತೊಂದು. ಸೆಲ್ವಿಯ ಬಾಗಿಲ ಹಿಡಿಗೆ ಒಂದು ಚೀಲ, ಬರ್ನಾಡೆಟ್‌ಳ ಹಿಡಿಗೆ ಒಂದು ಚೀಲ ತೂಗುಹಾಕಿ ಬಂದೆ. ಯಾರ ಮುಖವೂ ಕಾಣಲಿಲ್ಲ.

ದಿನಕ್ಕೆ ಹತ್ತು ಪೋಷಕರಿಗೆ ಫೋನ್ ಮಾಡುವುದೆಂದು ಇಟ್ಟುಕೊಂಡಿದ್ದೇನೆ. ಇವತ್ತು ಹಬ್ಬವೆಂದು ಆರೇ. ಒಬ್ಬಾಕೆ, "ನನ್ನ ಮಗ ಎಲ್ಲ ಕಳಿಸ್ತಾನೆ. ನಿಮಗೇನು ತೊಂದರೆ?" ಎಂದರು. ಇನ್ನೊಬ್ಬರು ಮೆಲ್ಲಗೆ, "ನಿಮ್ಮ ಮಗಳಿಗೆ ಕಷ್ಟವಾಗ್ತಿದೆಯಾ, ಪಾಪ?" ಎಂದು ಕೇಳಿದರು. ಮೈ ಉರಿಯಿತು.

"ಇಲ್ಲಪ್ಪ. ನನ್ನ ಮಗಳದು ನೂರಕ್ಕೆ ನೂರು," ಎಂದೆ.

ಸುಳ್ಳೇನೂ ಅಲ್ಲ. ಪಟ್ಟಿಯಲ್ಲಿ ಹಾಗೇ ಇದೆ.

೨೩ ಸೆಪ್ಟೆಂಬರ್, ಗುರುವಾರ

ಮುಖ್ಯೋಪಾಧ್ಯಾಯಿನಿ ಪುವಾನ್ ಜಲೇಹಾ ಭೇಟಿಗೆ ಹತ್ತು ನಿಮಿಷ ಕೊಟ್ಟಿದ್ದರು. ಗೇಟಿನಲ್ಲಿ ಫೋನ್ ಸ್ಕ್ಯಾನ್, ಜ್ವರ ಪರೀಕ್ಷೆ, ಆಮೇಲೆ ಆರಡಿ ದೂರದ ಕುರ್ಚಿ. ಆಟದ ಮೈದಾನದಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿದೆ.

ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದೆ. ಆಕೆ ಠರಾವನ್ನು ಎರಡು ಸಲ ಓದಿ ಕನ್ನಡಕ ತೆಗೆದರು. ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ಪುವಾನ್ ವಿನೋದಾ, ನಾನು ಮೇಲಕ್ಕೆ ತೊಂಬತ್ತಾರು ಎಂದು ಬರೆದರೆ ಯಾರೂ ಏನೂ ಕೇಳುವುದಿಲ್ಲ. ನಲವತ್ತು ಎಂದು ಬರೆದರೆ ನನ್ನ ಶಿಕ್ಷಕರನ್ನು ಕೇಳುತ್ತಾರೆ. ಅವರು ಊಟ ಬಿಟ್ಟು ಫೋನ್ ಹಿಡಿದು ಕೂತಿದ್ದಾರೆ. ಅವರನ್ನು ನಾನು ಬೈಸಲೇ?"

"ಹಾಗಾದರೆ ಮಕ್ಕಳು?"

ಕನ್ನಡಕ ಮತ್ತೆ ಹಾಕಿಕೊಂಡರು. "ಇದನ್ನು ನಾನು ಮೊದಲು ಕೇಳುವ ಹಾಗಿಲ್ಲ. ಪೋಷಕರೇ ಸಭೆಯಲ್ಲಿ ಕೇಳಿದರೆ ಮಾಡಿಸುತ್ತೇನೆ. ಅದಕ್ಕೆ ಬಹುಮತ ತನ್ನಿ."

ಹೊರಗೆ ಬರುವಾಗ ನನಗೆ ಆಕೆಯ ಮೇಲೆ ಸಿಟ್ಟು ಉಳಿದಿರಲಿಲ್ಲ. ಬಹುಮತ ತರುತ್ತೇನೆ. ತಂದೇ ತರುತ್ತೇನೆ.

೩ ಅಕ್ಟೋಬರ್, ಭಾನುವಾರ

ಸಭೆಯಲ್ಲಿ ಯಾರಾದರೂ "ಇಷ್ಟು ಮಕ್ಕಳನ್ನು ಕೇಳಲು ಎಷ್ಟು ಹೊತ್ತು ಬೇಕು?" ಎಂದು ಕೇಳೇ ಕೇಳುತ್ತಾರೆ. ಲೆಕ್ಕ ಕೈಯಲ್ಲಿರಲಿ ಎಂದು ಗಾನವಿಯನ್ನು ಕೂರಿಸಿ ಗಡಿಯಾರ ಇಟ್ಟೆ. ಒಂದು ಪುಟಕ್ಕೆ ಎರಡು ನಿಮಿಷ ಎಂದುಕೊಂಡಿದ್ದೆ.

ಮಲಯ್ ಪುಸ್ತಕದ ಮೊದಲ ಪಾಠ ಗಡಗಡ ಓದಿದಳು. ಖುಷಿಯಾಯಿತು. ಇನ್ನೂ ಮಾಡಿರದ ಒಂದು ಪುಟವನ್ನು ಹಿಂದಿನಿಂದ ತೆಗೆದೆ, ಮೀನು ಮಾರುವವನ ಬಗ್ಗೆ ಆರು ಸಾಲು.

ಬಾಯಿ ತೆರೆದಳು, ಮಾತು ಬರಲಿಲ್ಲ. ನಾನು ಮೊದಲ ಪದ ಹೇಳಿಕೊಟ್ಟೆ. ಅದನ್ನು ಹೇಳಿದಳು. ಎರಡನೆಯದನ್ನೂ ಹೇಳಿಕೊಟ್ಟೆ, ಹೇಳಿದಳು. ಮೂರನೆಯದಕ್ಕೆ ನಾನು ಸುಮ್ಮನಾದೆ. ಆಗ ನೋಡಿದೆ. ಅವಳ ಕಣ್ಣು ಪುಟದ ಮೇಲೆ ಇರಲೇ ಇಲ್ಲ. ನನ್ನ ತುಟಿಯ ಮೇಲಿತ್ತು.

ಮೊದಲ ಪಾಠವನ್ನು ಅವಳು ಓದಿದ್ದಲ್ಲ. ಅದು ಬಾಯಿಪಾಠ.

೪ ಅಕ್ಟೋಬರ್, ಸೋಮವಾರ

ವರ್ಕ್‌ಶೀಟ್ ಬಂತು. ಕಳಿಸಲಿಲ್ಲ.

೫ ಅಕ್ಟೋಬರ್, ಮಂಗಳವಾರ

ಕಳಿಸಲಿಲ್ಲ. ಟೀಚರ್ ಮೆಸೇಜು: "ಗಾನವಿಗೆ ಹುಷಾರಿಲ್ಲವೇ?"

೬ ಅಕ್ಟೋಬರ್, ಬುಧವಾರ

ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಓಡಿಸಲು ಹೋದಳಂತೆ. ನಮ್ಮಮ್ಮ ಇದನ್ನು ದಿನಕ್ಕೊಮ್ಮೆ ಯಾರಿಗಾದರೂ ಹೇಳುತ್ತಿದ್ದಳು. ಈಗ ಇದ್ದಿದ್ದರೆ ನನಗೇ ಹೇಳುತ್ತಿದ್ದಳು.

ಥರ್ಷಿನಿಯ ಅಕ್ಕ ಹದಿನಾಲ್ಕರ ಹುಡುಗಿ, ತಿಳಿಯದೆ ಬರೆದುಕೊಟ್ಟಳು. ನಾನು? ಎಂಜಿನಿಯರಿಂಗ್ ಓದಿದ ನಲವತ್ತರ ಹೆಂಗಸು, ಒಂದೂವರೆ ವರ್ಷ ಎಡಗೈಯಲ್ಲಿ ಬರೆದು ಮೂರು ಮೂರು ಸ್ಟಾರ್ ತೆಗೆದುಕೊಂಡೆ. ತೆಗೆದುಕೊಂಡು ಹಿಗ್ಗಿದೆ.

ಜಯಕರರಿಗೆ ಹೇಳಿದಾಗ ಅವರು ಬೈಯಲಿಲ್ಲ. ಬೈದಿದ್ದರೆ ಜಗಳ ಮಾಡಿ ಹಗುರಾಗಬಹುದಿತ್ತು. "ನಾನೂ ಅದೇ ಮನೆಯಲ್ಲಿ ಇದ್ದೆ ಅಲ್ಲವಾ," ಎಂದು ಗಾನವಿಯ ಚೀಲ ತೆಗೆದು ಒಂದೊಂದೇ ಪುಸ್ತಕ ನೋಡುತ್ತ ಕೂತರು. ಎಲ್ಲ ಪುಸ್ತಕವೂ ಹೊಸದರ ಹಾಗೇ ಇತ್ತು.

ಹಿಂದೆ ಸರಿಯಲೇ ಎಂದು ಬರ್ನಾಡೆಟ್‌ಳನ್ನು ಕೇಳಿದೆ.

"ಹಿಂದೆ ಸರಿದ್ರೆ ಎಂತ ಆಗ್ತದೆ? ಕಮಾನು ಆಗ್ತದೆ. ಅಷ್ಟೇ. ನಿಲ್ಲು. ಆದ್ರೆ ಓಟು ಮುಗಿಯುವವರೆಗೆ ಬಾಯಿಗೆ ಬೀಗ ಹಾಕು ಮಾರಾಯ್ತಿ. ನಿನ್ನದೇ ಮಗು ಓದೂದಿಲ್ಲ ಅಂತ ಗೊತ್ತಾದ್ರೆ ಯಾರು ಓಟು ಕೊಡ್ತಾರೆ?"

ಮಾತು ಸರಿಯಾಗಿಯೇ ಕೇಳಿಸಿತು.

ನಿಲ್ಲುತ್ತೇನೆ. ಈಗ ಮೊದಲಿಗಿಂತ ಗಟ್ಟಿಯಾಗಿ ನಿಲ್ಲುತ್ತೇನೆ. ಪಟ್ಟಿಯಲ್ಲಿ ನೂರಕ್ಕೆ ನೂರು ಇರುವ ಮಗುವಿನ ಸ್ಥಿತಿಯೇ ಇದಾದರೆ ಉಳಿದವರ ಗತಿ ಏನು?

೧೨ ಅಕ್ಟೋಬರ್, ಮಂಗಳವಾರ

ದಿನಾ ಸಂಜೆ ಅರ್ಧ ಗಂಟೆ ಗಾನವಿಯ ಜೊತೆ ಕೂರುತ್ತಿದ್ದೇನೆ. ಪ್ರಯೋಜನವಿಲ್ಲ. ಅವಳು ತಡವರಿಸಿದ ಕೂಡಲೇ ನನ್ನ ಬಾಯಿಂದ ಪದ ಜಾರಿಬಿಡುತ್ತದೆ. ಹೇಳಿಕೊಟ್ಟ ಮೇಲೆ ಸಿಟ್ಟು ನನಗೇ ಬರುತ್ತದೆ. ಇವತ್ತು ಅವಳೇ ಪುಸ್ತಕ ಮುಚ್ಚಿ ಎದ್ದು ಹೋದಳು.

ಇವತ್ತು ಹನ್ನೊಂದು ಫೋನು. ಏಳು ಜನ ಸರಿ ಎಂದರು.

೧೭ ಅಕ್ಟೋಬರ್, ಭಾನುವಾರ

ಬರ್ನಾಡೆಟ್ ಹೇಳಿದ ಬೀಗ ಗಂಟಲಲ್ಲಿ ಸಿಕ್ಕಿಕೊಂಡ ಹಾಗಿದೆ. ನುಂಗಲೂ ಆಗುತ್ತಿಲ್ಲ, ಉಗುಳಲೂ ಆಗುತ್ತಿಲ್ಲ. ಆದರೆ ಈ ಮಾತು ನನ್ನೊಬ್ಬಳದಲ್ಲ. ಗಾನವಿಯನ್ನು ಕೇಳದೆ ಹೇಳುವ ಹಾಗಿಲ್ಲ. ಮಧ್ಯಾಹ್ನ ಐಸ್‌ಕ್ರೀಮ್ ಕೊಟ್ಟು ಪಕ್ಕದಲ್ಲಿ ಕೂತೆ.

"ಪುಟ್ಟಿ, ನಿನ್ನ ವರ್ಕ್‌ಶೀಟ್ ನಾನು ಬರೀತಿದ್ದೆ ಅಂತ ಎಲ್ಲರಿಗೂ ಹೇಳ್ಲಾ?"

"ದೆನ್ ದೇ ವಿಲ್ ಸೇ ಐ ಆಮ್ ಸ್ಟುಪಿಡ್."

"ಇಲ್ಲ ಕಣೇ. ಅಮ್ಮ ಸ್ಟುಪಿಡ್ ಅಂತಾರೆ."

"ಬೋತ್ ಲಾ," ಎಂದಳು, ಚಮಚ ನೆಕ್ಕುತ್ತ.

ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅವಳು ಐಸ್‌ಕ್ರೀಮ್ ಪೂರ್ತಿ ಮುಗಿಸಿದಳು, ಬಟ್ಟಲು ತೊಳೆದಿಟ್ಟು ಬಂದಳು. ಆಮೇಲೆ ನನ್ನ ಮುಂದೆ ನಿಂತು ಹೇಳಿದಳು: "ಓಕೆ. ಯು ಸೇ ಯು ಡಿಡ್ ಇಟ್. ಬಟ್ ಡೋಂಟ್ ಸೇ ಐ ಕೆನಾಟ್."

ಒಪ್ಪಿದೆ. ನಾನು ಬರೆದ ಠರಾವಿಗಿಂತ ಎಂಟು ವರ್ಷದ ಮಗುವಿನ ಷರತ್ತು ನೇರವಾಗಿತ್ತು.

೨೩ ಅಕ್ಟೋಬರ್, ಶನಿವಾರ

ಸಭೆ ಮುಗಿಯಿತು. ಎಲ್ಲವನ್ನೂ ಬರೆದಿಟ್ಟುಕೊಳ್ಳಬೇಕು.

ಹತ್ತು ಗಂಟೆಗೆ ಶುರು. ನಾಸಿ ಲೆಮಕ್ ಇಲ್ಲದೆಯೂ ನೂರ ಮೂವತ್ತು ಮನೆಯವರು ಪರದೆಯ ಮೇಲೆ ಬಂದಿದ್ದರು. ಒಬ್ಬರ ಹಿಂದೆ ಕುಕ್ಕರ್ ಕೂಗುತ್ತಿತ್ತು, ಇನ್ನೊಬ್ಬರು ಕಾರಿನಲ್ಲಿ ಕೂತಿದ್ದರು. ಎಂಚಿಕ್ ಫೌಜಿ ಬಾಟಿಕ್ ಅಂಗಿ ಹಾಕಿ, ಹಿಂದೆ ಕಮಾನಿನ ನಕ್ಷೆ ತೂಗುಹಾಕಿಕೊಂಡು ಕೂತಿದ್ದರು. ವರದಿಗಳು ಮುಗಿದವು. ತೊಂಬತ್ತಾರನ್ನು ಮೂರು ಸಲ ಹೇಳಿದರು. ಮೂರು ಸಲವೂ ಚಪ್ಪಾಳೆಯ ಚಿತ್ರಗಳು ಹಾರಿದವು.

ಚುನಾವಣೆಗೆ ಮೊದಲು ಇಬ್ಬರಿಗೂ ಮೂರು ಮೂರು ನಿಮಿಷ ಮಾತು. ಅವರು ಒಂಬತ್ತು ವರ್ಷದಲ್ಲಿ ಮಾಡಿದ್ದನ್ನು ಹೇಳಿದರು, ಒಂದೂ ಸುಳ್ಳಲ್ಲ. ಮಳೆಗಾಲದಲ್ಲಿ ಮಕ್ಕಳು ನೆನೆಯದೆ ಬಸ್ಸು ಹತ್ತುವ ಸೂರು ಅವರು ಹಾಕಿಸಿದ್ದೇ. ನಾನು ಓದಿನ ಬಗ್ಗೆ ಹೇಳಿದೆ. ನನ್ನ ಮನೆಯ ಬಗ್ಗೆ ಹೇಳಲಿಲ್ಲ. ಹೇಳಬೇಕೆಂದೇ ಕೂತಿದ್ದೆ, ಮೂರನೇ ನಿಮಿಷದಲ್ಲಿ ಬಾಯಿ ಬರಲಿಲ್ಲ. ಗೆಲ್ಲುವ ಆಸೆ. ಮುಚ್ಚಿಡುವುದೇಕೆ, ಅದೇ ಕಾರಣ.

ಅವರಿಗೆ ಎಪ್ಪತ್ತೊಂದು, ನನಗೆ ಐವತ್ತೆಂಟು.

ಅಭಿನಂದನೆ ಹೇಳಿದೆ, ನಕ್ಕೆ. ಜಯಕರ ಬಾಗಿಲಲ್ಲಿ ನಿಂತು ಕಾಫಿ ತೋರಿಸಿದರು, ಬೇಡವೆಂದು ತಲೆಯಾಡಿಸಿದೆ. ಠರಾವು ಇನ್ನೂ ಉಳಿದಿತ್ತು. ಅದು ಕಾರ್ಯಸೂಚಿಯ ಕೊನೆಗೆ. ಸೋತವಳ ಠರಾವು ಎಂದು ಇಪ್ಪತ್ತು ಜನ ಆಗಲೇ ಹೊರಟುಹೋಗಿದ್ದರು.

ಓದಿದೆ. ಮೊದಲು ಮಾತಾಡಿದ್ದು ಮೂರನೇ ತರಗತಿಯ ಒಬ್ಬ ಅಪ್ಪ. "ತೊಂಬತ್ತಾರು ಬಂದಿರುವಾಗ ಈ ಪರೀಕ್ಷೆ ಯಾಕೆ? ಶಿಕ್ಷಕರಿಗೆ ಅವಮಾನ. ನಿಮ್ಮ ಮಗಳು ಚೆನ್ನಾಗಿ ಮಾಡ್ತಿದ್ದಾಳೆ, ನನ್ನ ಹೆಂಡತಿಗೆ ನೀವೇ ಫೋನಿನಲ್ಲಿ ಹೇಳಿದ್ದಿರಿ. ಬೇರೆಯವರ ಮಕ್ಕಳ ಚಿಂತೆ ನಿಮಗೇಕೆ?"

ಬರ್ನಾಡೆಟ್ ನನಗೊಬ್ಬಳಿಗೇ ಮೆಸೇಜು ಹಾಕಿದಳು: ಬಿಡು, ಬೇಡ.

ಓಟು ಹೋಗಿಯಾಗಿತ್ತು. ಇನ್ನು ಬಾಯಿಬಿಟ್ಟು ನನಗೆ ಸಿಗುವುದು ಏನೂ ಇರಲಿಲ್ಲ. ಕ್ಯಾಮೆರಾದ ಆಚೆ, ಊಟದ ಮೇಜಿನ ಕೆಳಗೆ ಗಾನವಿ ಕೂತಿದ್ದಳು; ಅವಳ ಕೈ ನನ್ನ ಪಾದದ ಮೇಲಿತ್ತು.

"ನಾನು ನಿಮ್ಮ ಹೆಂಡತಿಗೆ ಹೇಳಿದ್ದು ಪಟ್ಟಿಯಲ್ಲಿದ್ದ ಅಂಕಿ," ಎಂದೆ. "ಆ ಅಂಕಿ ನನ್ನದು. ನನ್ನ ಮಗಳ ವರ್ಕ್‌ಶೀಟುಗಳನ್ನು ಒಂದೂವರೆ ವರ್ಷ ನಾನೇ ಬರೆದಿದ್ದೇನೆ, ಎಡಗೈಯಲ್ಲಿ. ಟೀಚರಿಗೆ ಮೋಸ ಮಾಡಿದ್ದು ನಾನು, ಮಗು ಅಲ್ಲ. ಟೀಚರ್ ಕೊಟ್ಟ ಸ್ಟಾರುಗಳೆಲ್ಲ ನನಗೆ ಬಂದವು. ಕ್ಷಮೆ ಕೇಳುತ್ತೇನೆ. ನನ್ನ ಮಗಳಿಗೆ ಏನು ಬರುತ್ತದೆ ಎಂದು ನೋಡಲು ನಾನು ಯಾರಿಗೂ ಅವಕಾಶವನ್ನೇ ಕೊಡಲಿಲ್ಲ. ಅವಕಾಶ ಕೊಡಿ ಎಂದು ಕೇಳಲು ಬಂದಿದ್ದೇನೆ."

ಕುಕ್ಕರ್ ಒಂದು ಸಲ ಕೂಗಿತು.

ಆಮೇಲೆ ಸೆಲ್ವಿ ಮೈಕ್ ಹಾಕಿದಳು. ಅಂಗಡಿಯ ಗದ್ದಲದ ನಡುವಿನಿಂದ, ತನ್ನ ಮಲಯ್‌ನಲ್ಲಿ, "ನಮ್ಮ ಮನೆಯಲ್ಲಿ ದೊಡ್ಡವಳು ಬರೀತಾಳೆ," ಎಂದಳು. ಕ್ಯಾಮೆರಾ ಹಾಕದ ಒಬ್ಬರು, "ನಮ್ಮಲ್ಲಿ ಅಜ್ಜ," ಎಂದು ಬರೆದರು. ಅದರ ಕೆಳಗೆ ಇನ್ನೊಂದು, ಇನ್ನೊಂದು. ಪ್ರಶ್ನೆ ಕೇಳಿದ ಅಪ್ಪನ ಹಿಂದೆ ಕೂತಿದ್ದ ಹೆಂಡತಿ ಎದ್ದು ಒಳಗೆ ಹೋದರು. ಪುವಾನ್ ಜಲೇಹಾ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಎಂಚಿಕ್ ಫೌಜಿ ಹಿಂದೆ ತಿರುಗಿ ಕಮಾನಿನ ನಕ್ಷೆ ನೋಡಿದರು. ಅಂಕಿಯನ್ನು ಮೂರು ಸಲ ಹೇಳಿದವರು ಅವರು. ಕೊನೆಗೆ, "ಕಮಾನು ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಇದು ಆಗಲಿ. ಕೇಳುವವರ ಪಟ್ಟಿಯಲ್ಲಿ ನನ್ನ ಹೆಸರು ಬರೆಯಿರಿ," ಎಂದರು.

ನೂರ ಹತ್ತರಲ್ಲಿ ತೊಂಬತ್ತೊಂದು ಓಟು. ಬಹುಮತ.

೨೪ ಅಕ್ಟೋಬರ್, ಭಾನುವಾರ

ಠರಾವು ಪಾಸಾಯಿತು, ಸರಿ. ಸೋತದ್ದು ಮಾತ್ರ ಇನ್ನೂ ಉರಿಯುತ್ತಿದೆ. ಹದಿಮೂರು ಓಟು! ಮುಂಚೆಯೇ ಹೇಳಿದ್ದರೆ ಗೆಲ್ಲುತ್ತಿದ್ದೆನೋ ಏನೋ. ಜಯಕರ, "ಕೇಳಿದ್ದು ಸಿಕ್ಕಿತಲ್ಲ, ಕುರ್ಚಿ ಎಂತಕ್ಕೆ?" ಎನ್ನುತ್ತಾರೆ. ಅವರಿಗೇನು ಗೊತ್ತು. ನನಗೆ ಕುರ್ಚಿಯೂ ಬೇಕಿತ್ತು.

೧೦ ನವೆಂಬರ್, ಬುಧವಾರ

ಶಾಲೆ ಗುಂಪು ಗುಂಪಾಗಿ ತೆರೆದಿದೆ; ದೀಪಾವಳಿಯ ರಜೆ ಮುಗಿದು ಇವತ್ತು ಗಾನವಿಯ ಗುಂಪಿನ ಸರದಿ. ಒಂದು ದಿನ ರಜೆ ಹಾಕಿ ಹೋದೆ.

ಸಭಾಂಗಣದಲ್ಲಿ ಹನ್ನೆರಡು ಮೇಜು, ಪ್ರತಿ ಮೇಜಿಗೂ ಎರಡು ಕುರ್ಚಿ, ನಡುವೆ ಪ್ಲಾಸ್ಟಿಕ್ ತಡೆ. ಫ್ಯಾನು ಹಳೆಯದೇ, ಗಡಗಡ ಎನ್ನುತ್ತದೆ. ಯಾವ ಮಗು ಯಾರ ಮೇಜಿಗೆ ಎಂದು ಚೀಟಿ ಎತ್ತಿದರು. ನನಗೆ ಒಂದನೇ ತರಗತಿಯ ಮಕ್ಕಳು. ಗಾನವಿಗೆ ಎಂಚಿಕ್ ಫೌಜಿ.

ನನ್ನನ್ನು ಸೋಲಿಸಿದವರ ಮುಂದೆಯೇ ಕೂರಬೇಕೆ ನನ್ನ ಮಗು? ಚೀಟಿ ಬದಲಿಸಿ ಎಂದು ಕೇಳಲು ಎರಡು ಹೆಜ್ಜೆ ಹೋದೆ. ಸ್ವಂತ ತಂದೆತಾಯಿ ನಡುವೆ ಬರಬಾರದು ಎಂದು ಬರೆದವಳು ನಾನೇ. ವಾಪಸು ಬಂದು ಕೂತೆ.

ನನ್ನ ಮೇಜಿಗೆ ಬಂದ ಮಕ್ಕಳು ಮೂರು ನಿಮಿಷ, ನಾಲ್ಕು ನಿಮಿಷ. ಒಬ್ಬಳು ಸುಮ್ಮನೆ ಅತ್ತಳು, ಅವಳ ಜೊತೆ ಹಾಗೇ ಕೂತಿದ್ದೆ. ಮೂರು ಮಕ್ಕಳು ಬಂದು ಹೋದರೂ ಗಾನವಿ ಎದ್ದಿರಲಿಲ್ಲ. ದೂರದಿಂದ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಬೆರಳು ಪುಟದ ಮೇಲೆ ಚಲಿಸುತ್ತಿತ್ತೋ ನಿಂತಿತ್ತೋ ತಿಳಿಯುತ್ತಿರಲಿಲ್ಲ. ಒಮ್ಮೆ ಫೌಜಿಯವರ ಮಾಸ್ಕ್ ಅಲುಗಿತು. ಗಾನವಿ ಅಂಗೈ ಎತ್ತಿ ಅವರನ್ನು ತಡೆದಳು. ಅವರು ಹಿಂದಕ್ಕೆ ಒರಗಿ ಕೈಕಟ್ಟಿ ಕೂತರು.

ಎಲ್ಲ ಮುಗಿದ ಮೇಲೆ ಅವರು ಹಾಳೆ ಹಿಡಿದುಕೊಂಡು ನನ್ನ ಬಳಿ ಬಂದರು.

"ಆರು ಸಾಲು, ಇಪ್ಪತ್ತೆರಡು ನಿಮಿಷ. ನಾಲ್ಕು ಸಾಲು ತಾನೇ ಓದಿದಳು. ಕೊನೆಯ ಎರಡು ಆಗಲಿಲ್ಲ," ಎಂದರು. "ಪುವಾನ್, ತಪ್ಪು ತಿಳಿಯಬೇಡಿ, ನಾನು ಒಂದು ಪದ ಹೇಳಿಕೊಡಲು ಹೋದೆ. ನಿಮ್ಮ ಮಗಳು ನನ್ನನ್ನು ಬೈದಳು."

"ಏನಂದಳು?"

"'ಪಾಕ್ ಚಿಕ್, ತುಂಗು,' ಎಂದಳು." ಅಂಕಲ್, ಕಾಯಿರಿ ಅಂತ. "ಆಮೇಲೆ, 'ಯಾರೂ ಕಾಯುವುದೇ ಇಲ್ಲ,' ಎಂದಳು. ಅದಕ್ಕೇ ಕಾದೆ."

ನಿಂತಲ್ಲೇ ಅತ್ತುಬಿಟ್ಟೆ. ಆ ಮನುಷ್ಯ ಪಾಪ, ಏನು ಮಾಡಬೇಕೆಂದು ತೋಚದೆ ಸ್ಯಾನಿಟೈಸರ್ ಬಾಟಲಿ ನನ್ನ ಕೈಗೆ ಕೊಟ್ಟರು.

ವಾರಕ್ಕೆ ಎರಡು ದಿನ ಯಾರಾದರೂ ಪಕ್ಕದಲ್ಲಿ ಕೂತು ಓದಿಸಬೇಕಾದ ಮಕ್ಕಳ ಪಟ್ಟಿ ಸಂಜೆ ಬಂತು. ಅರವತ್ಮೂರು ಹೆಸರು. ಥರ್ಷಿನಿ ಇದ್ದಾಳೆ, ಪ್ರಶ್ನೆ ಕೇಳಿದ ಅಪ್ಪನ ಮಗ ಇದ್ದಾನೆ, ಗಾನವಿಯೂ ಇದ್ದಾಳೆ. ಕೂರುವವರಲ್ಲಿ ನನಗೆ ಥರ್ಷಿನಿ ಸಿಕ್ಕಿದ್ದಾಳೆ. ಗಾನವಿಗೆ ಟೀಚರು ಇನ್ನೊಂದು ತರಗತಿಯ ಒಬ್ಬ ಅಮ್ಮನನ್ನು ಹಾಕಿದ್ದರು. ಊಟದ ಹೊತ್ತಿಗೆ ಗಾನವಿ ಬೇಡವೆಂದಳು. "ಐ ವಾಂಟ್ ದಟ್ ಪಾಕ್ ಚಿಕ್," ಎಂದಳು.

ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಊಟ ಮುಗಿಸಿ ಟೀಚರಿಗೆ ಮೆಸೇಜು ಕಳಿಸಿದೆ: ಗಾನವಿಗೆ ಎಂಚಿಕ್ ಫೌಜಿಯವರೇ ಇರಲಿ. ಹೀಗೆ ಅವರಿಗೆ ಎರಡನೇ ಸಲ ಸೋತೆ. ಈ ಸಲ ನನ್ನ ಓಟೂ ಅವರಿಗೇ.